ಸಂಜೆ ಆಕಾಶದಲ್ಲಿ ಸಾಲು ದೀಪ ಕಂಡಿತು. ಇದು ಉಪಗ್ರಹದ ಕಸವಾ? ನಮ್ಮ ಕಡೆ ಬೀಳುತ್ತದಾ?

ಕಟ್ಟೆ ಮೇಲಿನವ (ತೀರ್ಥಹಳ್ಳಿ ಕಡೆ)

ಮೊನ್ನೆ ಕತ್ತಲಾಗುವ ಹೊತ್ತಿಗೆ ಕುಂದಾದ್ರಿಯಿಂದ ಇಳಿದು ಬರುತ್ತಿದ್ದೆವು. ಚುಕ್ಕಿಗಳು ಒಂದರ ಹಿಂದೆ ಒಂದು ನೇರ ಸಾಲಿನಲ್ಲಿ ಹೋದವು. ಇಪ್ಪತ್ತಕ್ಕಿಂತ ಜಾಸ್ತಿ ಇರಬಹುದು. ಸದ್ದಿಲ್ಲ, ಮಿನುಗುವುದೂ ಇಲ್ಲ. ಸ್ವಲ್ಪ ದೂರ ಹೋಗಿ ಒಂದೊಂದಾಗಿ ಮಾಯವಾದವು. ಮನೆ ಮುಟ್ಟುವಷ್ಟರಲ್ಲಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಮೆಸೇಜು ಓಡಾಡುತ್ತಿತ್ತು: ಬಾಹ್ಯಾಕಾಶದ ಕಸ ಮಲೆನಾಡಿನ ಮೇಲೆ ಬೀಳಲಿದೆ, ಮಕ್ಕಳನ್ನು ಹೊರಗೆ ಬಿಡಬೇಡಿ.

ನಮ್ಮಮ್ಮ ಅಂಗಳಕ್ಕೆ ಬರೋದನ್ನೇ ಬಿಟ್ಟಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ. ಇದು ಏನು? ಬೀಳುತ್ತದಾ ಇಲ್ಲವಾ?

ಗಾಜನೂರಿನವಳು (ಈಗ ಬೆಂಗಳೂರು)

ಕಸ ಅಲ್ಲ. ಸ್ಟಾರ್‌ಲಿಂಕ್ ಅನ್ನುವ ಇಂಟರ್ನೆಟ್ ಸೇವೆಯ ಉಪಗ್ರಹಗಳು, ಈಗಷ್ಟೇ ಹಾರಿಸಿದವು. ಒಂದೇ ರಾಕೆಟ್‌ನಲ್ಲಿ ಗುಂಪಾಗಿ ಹೋಗುತ್ತವೆ. ಮೊದಲ ಕೆಲವು ದಿನ ಕೆಳಗಿನ ಕಕ್ಷೆಯಲ್ಲಿ ಸಾಲಾಗಿ ಸುತ್ತುತ್ತವೆ. ಆಮೇಲೆ ಮೇಲೇರಿ ಬೇರೆ ಬೇರೆಯಾಗುತ್ತವೆ. ಆಗ ಬರಿಗಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ.

ಅವಕ್ಕೆ ಸ್ವಂತ ದೀಪ ಇಲ್ಲ. ನಮಗೆ ಕತ್ತಲಾಗಿದ್ದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲು ಇರುತ್ತದೆ. ಆ ಬಿಸಿಲು ಬಡಿದು ಹೊಳೆಯುತ್ತವೆ. ಭೂಮಿಯ ನೆರಳಿನೊಳಗೆ ಹೋದ ಕೂಡಲೇ ಮಾಯ. ಅದಕ್ಕೇ ನಿಮಗೆ ಒಂದೊಂದಾಗಿ ಆರಿದ ಹಾಗೆ ಕಂಡಿದ್ದು.

ನಿಜವಾಗಿ ಬೀಳುವ ಕಸ ಬೇರೆ ಥರ ಕಾಣುತ್ತದೆ. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದಲ್ಲಿ ಜನ ನೋಡಿದ್ದು ಅದು. ಉರಿಯುವ ಗೆರೆಗಳು, ಹಿಂದೆ ಬಾಲ, ನಡುವೆ ಚೂರಾಗುವುದು. ಚಂದ್ರಾಪುರ ಜಿಲ್ಲೆಯ ಸಿಂದೇವಾಹಿ ತಾಲ್ಲೂಕಿನಲ್ಲಿ ಸುಮಾರು ಮೂರು ಮೀಟರ್ ಅಗಲದ ಲೋಹದ ಬಳೆ ಸಿಕ್ಕಿತು. ಚೀನಾದ ಲಾಂಗ್ ಮಾರ್ಚ್ ರಾಕೆಟ್‌ನ ಭಾಗ ಇರಬೇಕು ಅಂತ ಪರಿಣತರು ಹೇಳಿದರು. ಯಾರಿಗೂ ಪೆಟ್ಟಾಗಲಿಲ್ಲ.

ಅಮ್ಮನಿಗೆ ಅಂಗಳಕ್ಕೆ ಬರಲು ಹೇಳಿ.

ಅಡಿಕೆ ಗೊನೆ (ಹೊಸನಗರ)

ಕಸನೋ ಗಿಸನೋ, ಆ ಸ್ಟಾರ್‌ಲಿಂಕ್ ನಮ್ಮೂರಿಗೆ ಯಾವಾಗ ಬರುತ್ತದೆ ಅಂತ ಯಾರಾದರೂ ಹೇಳಿ ಮಾರಾಯ್ರೆ. 2025ರ ಜೂನ್‌ನಲ್ಲೇ ಲೈಸೆನ್ಸ್ ಸಿಕ್ಕಿತು ಅಂತ ಓದಿದ್ದೆ. ಕೊರೊನಾ ಹೊತ್ತಿಗೆ ನಮ್ಮ ಮಕ್ಕಳು ಗುಡ್ಡ ಹತ್ತಿ, ಕೊಡೆ ಹಿಡಿದುಕೊಂಡು ಆನ್‌ಲೈನ್ ಪಾಠ ಕೇಳಿದ್ದು ಇಡೀ ರಾಜ್ಯಕ್ಕೆ ಗೊತ್ತು. ನೆಟ್‌ವರ್ಕ್ ಇಲ್ಲದಿದ್ದರೆ ವೋಟೂ ಇಲ್ಲ ಅಂತ ಬೋರ್ಡ್ ಹಾಕಿದ ಊರುಗಳು ನಮ್ಮ ಸುತ್ತಮುತ್ತಲೇ ಇವೆ. ಟವರ್ ಬಂದರೂ ಕರೆಂಟ್ ಹೋದರೆ ಟವರೂ ಹೋಗುತ್ತದೆ.

ಮೇಲೆ ಅಷ್ಟು ಜಾಗ ಬಿದ್ದಿದೆ. ನಾಲ್ಕು ಚೂರು ತಿರುಗಿದರೆ ಏನು ಗಂಟು ಹೋಗುತ್ತದೆ?

ದುರ್ಬೀನು ಮೇಷ್ಟ್ರು (ಸಾಗರ, ನಿವೃತ್ತ)

ಬೀಳುವ ಭಯ ನಮ್ಮ ತಲೆಮಾರಿಗೆ ಹೊಸದಲ್ಲ. 1979ರ ಜುಲೈನಲ್ಲಿ ಸ್ಕೈಲ್ಯಾಬ್ ಬೀಳುತ್ತದೆ ಅಂತ ರೇಡಿಯೊದಲ್ಲಿ ದಿನಾ ಸುದ್ದಿ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ, ಎಪ್ಪತ್ತಕ್ಕೂ ಹೆಚ್ಚು ಟನ್ ತೂಕ. ಎಲ್ಲಿ ಬೀಳುತ್ತದೆ ಅಂತ ನಾಸಾಕ್ಕೂ ಖಚಿತ ಇರಲಿಲ್ಲ. ನಮ್ಮೂರಲ್ಲಿ ಹೇಗೂ ಸಾಯ್ತೀವಲ್ಲ ಅಂತ ಸಾಕಿದ ಕೋಳಿಗಳನ್ನೆಲ್ಲ ಕುಯ್ದು ತಿಂದು ಮುಗಿಸಿದವರು ಇದ್ದರು. ಕೊಟ್ಟ ಸಾಲ ವಾಪಸ್ ಕೇಳಲು ಹೊರಟವರೂ ಇದ್ದರು. ಇತ್ತ ಜುಲೈ ತಿಂಗಳ ಮಳೆ. ಆಕಾಶವೇ ಕಾಣದ ಊರಲ್ಲಿ ಎಲ್ಲರೂ ಮೇಲೆ ನೋಡಿಕೊಂಡೇ ಓಡಾಡಿದ್ದು! ಕೊನೆಗೆ ಜುಲೈ 11ರಂದು ಅದು ಹಿಂದೂ ಮಹಾಸಾಗರದ ಮೇಲೆ ಒಡೆದು, ಚೂರುಗಳು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿದ್ದವು. ಅಲ್ಲಿನ ಎಸ್ಪರೆನ್ಸ್ ಅನ್ನುವ ಊರಿನ ಸ್ಥಳೀಯ ಆಡಳಿತ ರಸ್ತೆಯಲ್ಲಿ ಕಸ ಎಸೆದದ್ದಕ್ಕೆ ಅಂತ ನಾಸಾಕ್ಕೆ 400 ಡಾಲರ್ ದಂಡ ಹಾಕಿತು. ತಮಾಷೆಗೇ ಹಾಕಿದ್ದು, ಆದರೂ ನನಗೆ ಬಹಳ ಇಷ್ಟದ ಸಂಗತಿ.

ಈಗ ಅಡಿಕೆ ಗೊನೆಯವರು ಕೇಳಿದ್ದಕ್ಕೆ ಬರುತ್ತೇನೆ. ನಾಲ್ಕು ಚೂರು ಅಲ್ಲ ಸ್ವಾಮಿ. ಯುರೋಪಿಯನ್ ಬಾಹ್ಯಾಕಾಶ ಸಂಸ್ಥೆಯ 2025ರ ಲೆಕ್ಕದಲ್ಲಿ ರಾಡಾರ್ ಮತ್ತು ದೂರದರ್ಶಕಗಳು ಹಿಂಬಾಲಿಸುತ್ತಿರುವ ವಸ್ತುಗಳೇ ಸುಮಾರು 40,000. ಅವುಗಳಲ್ಲಿ ಕೆಲಸ ಮಾಡುವ ಉಪಗ್ರಹಗಳು ಸುಮಾರು 11,000. ಉಳಿದದ್ದು ಸತ್ತ ಉಪಗ್ರಹ, ಖಾಲಿ ರಾಕೆಟ್ ಹಂತ, ಒಡೆದ ಚೂರು. ಒಂದು ಸೆಂಟಿಮೀಟರಿಗಿಂತ ದೊಡ್ಡವು 12 ಲಕ್ಷಕ್ಕೂ ಹೆಚ್ಚು ಅಂತ ಅಂದಾಜು. ಅವುಗಳಲ್ಲಿ ಬಹುಪಾಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಸೆಂಟಿಮೀಟರ್ ಅಂದರೆ ಏನು ಮಹಾ ಅನ್ನಿಸುತ್ತದೆ, ಅಲ್ವಾ? ವೇಗ ನೋಡಿ. ಕೆಳಗಿನ ಕಕ್ಷೆಯಲ್ಲಿ ಎಲ್ಲವೂ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಓಡುತ್ತವೆ. ಎರಡು ಬೇರೆ ದಿಕ್ಕಿನಿಂದ ಬಂದು ಗುದ್ದಿದರೆ ಸೆಕೆಂಡಿಗೆ 10 ಕಿ.ಮೀ. ಆಸುಪಾಸು. ಹೈಸ್ಕೂಲಿನ ಸೂತ್ರವೇ ಸಾಕು: ದ್ರವ್ಯರಾಶಿಯ ಅರ್ಧ, ಗುಣಿಸು ವೇಗದ ವರ್ಗ. ಒಂದೇ ಒಂದು ಗ್ರಾಂ ಚೂರಿಗೆ 50,000 ಜೂಲ್ ಬರುತ್ತದೆ. ಒಂದು ಟನ್ ತೂಕದ ಕಾರು ಗಂಟೆಗೆ 36 ಕಿ.ಮೀ. ವೇಗದಲ್ಲಿ ಹೋಗಿ ಗುದ್ದಿದಾಗ ಇರುವಷ್ಟೇ ಶಕ್ತಿ. ಆ ಶಕ್ತಿಯೆಲ್ಲ ಸೂಜಿಮೊನೆಯಷ್ಟು ಜಾಗದಲ್ಲಿ ಇಳಿಯುತ್ತದೆ.

2025ರ ನವೆಂಬರ್‌ನಲ್ಲಿ ಚೀನಾದ ಮೂವರು ಗಗನಯಾತ್ರಿಗಳು ಹೇಳಿದ ದಿನ ವಾಪಸ್ ಬರಲು ಆಗಲಿಲ್ಲ. ಅವರ ಶೆಂಝೌ-20 ನೌಕೆಯ ಕಿಟಕಿಯಲ್ಲಿ ಬಿರುಕು ಕಂಡಿತು. ಸಣ್ಣ ಚೂರು ಬಡಿದಿರಬೇಕು ಅಂತ ಅನುಮಾನ. ಬೇರೆ ನೌಕೆಯಲ್ಲಿ ಇಳಿದು ಬಂದರು.

ಭದ್ರಾವತಿ ಬಾಯ್ಲರ್

ನಾನು ಲೋಹದ ಕೆಲಸದಲ್ಲಿದ್ದವ. ಬೀಳುವಾಗ ಯಾವುದು ಉರಿಯುತ್ತದೆ, ಯಾವುದು ಉಳಿಯುತ್ತದೆ ಅಂತ ಕೇಳಿದರೆ ಉತ್ತರ ಕರಗುವ ಬಿಂದುವಿನಲ್ಲಿ ಇದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಉಪಗ್ರಹದ ಚೌಕಟ್ಟು ಹೆಚ್ಚಾಗಿ ಅದೇ. ನೆಲದಿಂದ 80 ಕಿ.ಮೀ. ಎತ್ತರದ ಹೊತ್ತಿಗೆ ಅದು ಸೋತು ಬಿಡುತ್ತದೆ, ಉಪಗ್ರಹ ಬಿಚ್ಚಿಕೊಳ್ಳುತ್ತದೆ. ಇಂಧನದ ಟ್ಯಾಂಕು, ಗ್ಯಾಸ್ ಬಾಟಲಿಗಳು ಟೈಟಾನಿಯಂ ಆದರೆ 1,668 ಡಿಗ್ರಿ ಬೇಕು. ಅದೂ ದುಂಡಗೆ, ಒಳಗೆ ಟೊಳ್ಳು. ಗಾಳಿ ತಡೆಯುತ್ತದೆ, ವೇಗ ಬೇಗ ಇಳಿಯುತ್ತದೆ, ಬಿಸಿ ಪೂರ್ತಿ ಒಳಗಿಳಿಯುವ ಮೊದಲೇ ಕೆಳಗೆ ಬಂದಿರುತ್ತದೆ. ಅದಕ್ಕೇ ಹೊಲದಲ್ಲಿ ಗುಂಡು ಸಿಕ್ಕಿತು, ಚೆಂಡು ಸಿಕ್ಕಿತು ಅಂತ ಫೋಟೊ ಬರುವುದು.

2024ರ ಮಾರ್ಚ್ 8ರಂದು ಫ್ಲೋರಿಡಾದ ನೇಪಲ್ಸ್‌ನಲ್ಲಿ ಒಂದು ಮನೆಯ ಸೂರು ಒಡೆದು, ಮಾಳಿಗೆಯನ್ನೂ ತೂರಿ ಒಳಗೆ ಬಿದ್ದದ್ದು ಇಂಥದ್ದೇ ಗಟ್ಟಿ ಲೋಹ. ನಿಕ್ಕಲ್ ಮಿಶ್ರಲೋಹದ ತುಂಡು, 0.7 ಕೆ.ಜಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ 2021ರಲ್ಲಿ ಹಳೇ ಬ್ಯಾಟರಿಗಳ ಹಲಗೆಯನ್ನು ಸುಮ್ನೆ ಹೊರಗೆ ಬಿಟ್ಟಿದ್ದರು. ಪೂರ್ತಿ ಉರಿದು ಹೋಗುತ್ತದೆ ಅಂತ ಅವರ ಲೆಕ್ಕ. ಉರಿಯಲಿಲ್ಲ.

ಮನುಷ್ಯರಿಗೆ ಬಡಿದದ್ದು ಅಂದರೆ ಪ್ರಸಿದ್ಧವಾದದ್ದು ಒಂದೇ: 1997ರಲ್ಲಿ ಅಮೆರಿಕದ ಟಲ್ಸಾದಲ್ಲಿ ಲಾಟಿ ವಿಲಿಯಮ್ಸ್ ಅನ್ನುವ ಹೆಂಗಸಿನ ಭುಜಕ್ಕೆ ಡೆಲ್ಟಾ ರಾಕೆಟ್‌ನ ಸಣ್ಣ ತುಣುಕು ತಾಗಿತು. ಹಗುರ ಇತ್ತು, ಏನೂ ಆಗಲಿಲ್ಲ.

ಅಡಿಕೆ ಗೊನೆ

ಅಡಿಕೆ ಸುಲಿತದ ನಡುವೆ ಓದುತ್ತಿದ್ದೇನೆ, ತಡವಾಯ್ತು. ಬಾಯ್ಲರ್ ಅವರೇ, ನಿಮ್ಮ ಟೈಟಾನಿಯಂ ಗುಂಡು ನನ್ನ ತೋಟದ ಮೇಲೆ ಬಿದ್ದು ಹತ್ತು ಮರ ಮುರಿದರೆ ದುಡ್ಡು ಯಾರು ಕೊಡುತ್ತಾರೆ?

ಕೋರ್ಟ್ ರೋಡು (ಶಿವಮೊಗ್ಗ)

ವೃತ್ತಿಯಲ್ಲಿ ವಕೀಲ. ಹೇಳುತ್ತೇನೆ ಕೇಳಿ. 1972ರ ಹೊಣೆಗಾರಿಕೆ ಒಪ್ಪಂದ ಅಂತ ಇದೆ, ಭಾರತವೂ ಅದರಲ್ಲಿದೆ. ಬೇರೆ ದೇಶದ ವಸ್ತು ನಿಮ್ಮ ನೆಲದ ಮೇಲೆ ಬಿದ್ದು ನಷ್ಟವಾದರೆ ಹಾರಿಸಿದ ದೇಶವೇ ಹೊಣೆ. ಯಾರ ತಪ್ಪು ಅಂತ ನೀವು ಸಾಬೀತು ಮಾಡಬೇಕಾಗಿಲ್ಲ. ಆದರೆ ಆ ಒಪ್ಪಂದದ ಪ್ರಕಾರ ಕೇಳುವವರು ನೀವಲ್ಲ, ಭಾರತ ಸರ್ಕಾರ. ಸರ್ಕಾರದಿಂದ ಸರ್ಕಾರಕ್ಕೆ ಹೋಗಬೇಕು.

ಒಮ್ಮೆ ಹಾಗೆ ಆಗಿದೆ. 1978ರ ಜನವರಿಯಲ್ಲಿ ಸೋವಿಯತ್ ಒಕ್ಕೂಟದ ಕಾಸ್ಮೋಸ್-954 ಕೆನಡಾದ ಹಿಮದ ಬಯಲಿನ ಮೇಲೆ ಚೂರಾಗಿ ಬಿತ್ತು. ಒಳಗೆ ಅಣು ರಿಯಾಕ್ಟರ್ ಇತ್ತು. ಹುಡುಕಿ ಶುಚಿ ಮಾಡಲು ತಿಂಗಳುಗಟ್ಟಲೆ ಹಿಡಿಯಿತು. ಕೆನಡಾ ಕೇಳಿದ್ದು 60 ಲಕ್ಷ ಕೆನಡಿಯನ್ ಡಾಲರ್, 1981ರಲ್ಲಿ ಸಿಕ್ಕಿದ್ದು 30 ಲಕ್ಷ.

ಇನ್ನೊಂದು ಮುಖ್ಯ ಸಂಗತಿ. ನಮ್ಮದೇ ದೇಶದ ರಾಕೆಟ್ ಚೂರು ನಿಮ್ಮ ತೋಟಕ್ಕೆ ಬಿದ್ದರೆ ಆ ಒಪ್ಪಂದ ಲಾಗೂ ಆಗುವುದಿಲ್ಲ. ಸ್ವಂತ ಪ್ರಜೆಗಳಿಗೆ ಅದರಲ್ಲಿ ಜಾಗ ಇಲ್ಲ. ಆಗ ದೇಶದ ಒಳಗಿನ ಕಾನೂನು ನೋಡಬೇಕು. ನಮ್ಮಲ್ಲಿ 2017ರಲ್ಲಿ ಬಾಹ್ಯಾಕಾಶ ಚಟುವಟಿಕೆಗಳ ಮಸೂದೆಯ ಕರಡು ಬಂತು. ಕಾಯ್ದೆ ಆಗಲಿಲ್ಲ.

ಕಟ್ಟೆ ಮೇಲಿನವ

ನಮ್ಮ ಇಸ್ರೋದ್ದೂ ಬೇರೆ ಕಡೆ ಬಿದ್ದಿದೆಯಾ?

ಗಾಜನೂರಿನವಳು

ಬಿದ್ದಿದೆ. 2023ರ ಜುಲೈನಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಗ್ರೀನ್ ಹೆಡ್ ಹತ್ತಿರದ ಕಡಲತೀರಕ್ಕೆ ದೊಡ್ಡ ಪೀಪಾಯಿಯಂಥದ್ದು ತೇಲಿ ಬಂತು. ನಮ್ಮ ಪಿಎಸ್ಎಲ್‌ವಿ ರಾಕೆಟ್‌ನ ಮೂರನೇ ಹಂತದ್ದು ಅಂತ ಅಲ್ಲಿನ ಬಾಹ್ಯಾಕಾಶ ಸಂಸ್ಥೆ ಗುರುತಿಸಿತು. ಆ ಹಂತ ಕಕ್ಷೆಗೆ ಹೋಗುವುದೇ ಇಲ್ಲ, ಸಮುದ್ರಕ್ಕೆ ಬೀಳುವುದೇ ಅದರ ಕ್ರಮ.

ಆದರೆ ಈ ಚರ್ಚೆ ಪೂರ್ತಿ ಬೀಳುವುದರ ಸುತ್ತಲೇ ತಿರುಗುತ್ತಿದೆ. ಬೀಳುವುದು ಒಳ್ಳೇದು! ಬಿದ್ದರೆ ಲೆಕ್ಕ ಮುಗಿಯಿತು. ಬೀಳದೆ ಮೇಲೇ ಉಳಿಯುವುದನ್ನು ಕೇಳಿ.

ಮಳೆ ಲೆಕ್ಕ (ಆಗುಂಬೆ ಹತ್ತಿರ)

ಸರಿ, ಕೇಳುತ್ತೇನೆ ಅಕ್ಕಾ. ಮೇಲೆ ಉಳಿದರೆ ನನಗೇನು? ನಾನು ದಿನಾ ಬೆಳಗ್ಗೆ ಮಳೆಮಾಪಕ ನೋಡಿ ಬರೆದಿಡುವವ. ಮುನ್ಸೂಚನೆ ಬಿಟ್ಟರೆ ಉಪಗ್ರಹದಿಂದ ನನಗೆ ಬೇರೆ ಕೆಲಸ ಇಲ್ಲ.

ಗಾಜನೂರಿನವಳು

ನಿಮಗೆ ಹೇಳಲು ಸರಿಯಾದ ಉದಾಹರಣೆ ಇದೆ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನದಿಂದ ಓದಿ.

2011ರ ಅಕ್ಟೋಬರ್ 12ರಂದು ಮೇಘಾ-ಟ್ರಾಪಿಕ್ಸ್ ಅನ್ನುವ ಉಪಗ್ರಹ ಹೋಯಿತು. ಭಾರತ, ಫ್ರಾನ್ಸ್ ಸೇರಿ ಮಾಡಿದ್ದು. ಕೆಲಸ ಏನು ಗೊತ್ತಾ? ಉಷ್ಣವಲಯದ ಮೋಡ, ನೀರಾವಿ, ಮಳೆ ಅಳೆಯುವುದು. ಅಂದರೆ ನಿಮ್ಮ ಕೆಲಸವೇ, 867 ಕಿ.ಮೀ. ಮೇಲಿನಿಂದ. ಮೂರು ವರ್ಷಕ್ಕೆ ಅಂತ ಕಳಿಸಿದ್ದು, ಸುಮಾರು ಹತ್ತು ವರ್ಷ ದುಡಿಯಿತು.

ಈಗ ಎತ್ತರದ ಲೆಕ್ಕ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವ 400 ಕಿ.ಮೀ. ಎತ್ತರದಲ್ಲೂ ತೆಳುವಾಗಿ ಗಾಳಿ ಇದೆ. ಅದು ಉಜ್ಜಿ ಉಜ್ಜಿ ವೇಗ ತಗ್ಗಿಸುತ್ತದೆ. ತಳ್ಳುವ ಎಂಜಿನ್ ಇಲ್ಲದಿದ್ದರೆ ವಸ್ತು ಬೇಗ ಕೆಳಗೆ ಬರುತ್ತದೆ. 600ಕ್ಕಿಂತ ಕೆಳಗಿದ್ದರೆ ಕೆಲವು ವರ್ಷ. 800 ದಾಟಿದರೆ ನೂರಾರು ವರ್ಷ. 1,000 ದಾಟಿದರೆ ಸಾವಿರ ವರ್ಷಕ್ಕೂ ಜಾಸ್ತಿ. ಅಮೆರಿಕ 1958ರ ಮಾರ್ಚ್‌ನಲ್ಲಿ ಹಾರಿಸಿದ ವ್ಯಾನ್‌ಗಾರ್ಡ್-1 ಇವತ್ತಿಗೂ ಸುತ್ತುತ್ತಿದೆ. ಅದು ಸತ್ತದ್ದು 1964ರಲ್ಲಿ.

ಮೇಘಾ-ಟ್ರಾಪಿಕ್ಸ್ ಅನ್ನು ಹಾಗೇ ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲೇ ಇರುತ್ತಿತ್ತು. ಸುಮಾರು ಒಂದು ಟನ್ ತೂಕ, ಒಳಗೆ 125 ಕೆ.ಜಿ. ಇಂಧನ ಉಳಿದಿತ್ತು. ಇಸ್ರೋದವರು ಆ ಇಂಧನವನ್ನೇ ಬಳಸಿ ಸ್ವಲ್ಪ ಸ್ವಲ್ಪವೇ ಇಳಿಸಿದರು. 2023ರ ಮಾರ್ಚ್ 7ರಂದು ಪೆಸಿಫಿಕ್ ಸಾಗರದ ಮೇಲೆ, ಜನ ಇಲ್ಲದ ಕಡೆ, ಹೇಳಿದ ಜಾಗದಲ್ಲೇ ಬೀಳಿಸಿದರು. ಹಾಗೆ ಬೀಳಿಸಲು ಅಂತ ಅದನ್ನು ಕಟ್ಟಿರಲೇ ಇಲ್ಲ. ನನಗೆ ಚಂದ್ರಯಾನದ ಇಳಿಯುವಿಕೆಗಿಂತ ಇದು ಕಡಿಮೆ ಕೆಲಸ ಅನ್ನಿಸುವುದಿಲ್ಲ. ಟಿವಿಯಲ್ಲಿ ಮಾತ್ರ ಬರಲಿಲ್ಲ.

ಕಾರ್ಟೊಸ್ಯಾಟ್-2 ಇನ್ನೊಂದು. 2007ರಲ್ಲಿ ಹೋಗಿದ್ದು. ಕೊನೆಯ ಇಂಧನದಲ್ಲಿ ಕಕ್ಷೆಯ ಕೆಳತುದಿಯನ್ನು 380 ಕಿ.ಮೀ.ಗೆ ತಂದು ಬಿಟ್ಟರು. ಮಿಕ್ಕಿದ್ದನ್ನು ಗಾಳಿ ಮಾಡಿತು. ಮೂವತ್ತು ವರ್ಷ ಹಿಡಿಯಬೇಕಾದದ್ದು 2024ರ ಫೆಬ್ರುವರಿ 14ಕ್ಕೆ ಮುಗಿಯಿತು.

ನಮ್ಮ ಕಡೆಯಿಂದ ಎಲ್ಲವೂ ಚೊಕ್ಕ ಅಂತ ಅಲ್ಲ. 2001ರಲ್ಲಿ ಪಿಎಸ್ಎಲ್‌ವಿ-ಸಿ3 ಉಪಗ್ರಹಗಳನ್ನು ಸರಿಯಾಗಿ ಬಿಟ್ಟಿತು. ಎರಡು ತಿಂಗಳಾದ ಮೇಲೆ ಅದರ ಖಾಲಿ ಮೇಲಿನ ಹಂತ ಒಡೆದುಹೋಯಿತು. ಒಡೆದ ರಾಕೆಟ್ ಹಂತಗಳ ಕಥೆ ಹೆಚ್ಚಾಗಿ ಒಂದೇ: ಟ್ಯಾಂಕಿನಲ್ಲಿ ಉಳಿದ ಇಂಧನ ಮತ್ತು ಒತ್ತಡ. ಅದೊಂದರಿಂದ ಎಣಿಕೆಗೆ ಸಿಕ್ಕ ಚೂರುಗಳು 371. ಹೆಚ್ಚಿನವು ಕೆಳಗೆ ಬಂದಿವೆ, ಐವತ್ತರ ಆಸುಪಾಸು 2023ರ ಕೊನೆಗೂ ಮೇಲೇ ಇದ್ದವು. ಅದಾದ ಮೇಲೆ ಕೆಲಸ ಮುಗಿದ ಹಂತದಿಂದ ಉಳಿದ ಇಂಧನ ಹೊರಬಿಡುವ ಪದ್ಧತಿ ಬಂತು. ಈಗ ಆ ಹಂತವನ್ನೇ ಪೋಯಮ್ ಅನ್ನುವ ಪ್ರಯೋಗದ ವೇದಿಕೆ ಮಾಡಿಕೊಂಡಿದ್ದಾರೆ. 2024ರ ಜನವರಿ 1ರಂದು ಹೋದ ಪಿಎಸ್ಎಲ್‌ವಿಯ ಆ ಭಾಗವನ್ನು 650ರಿಂದ 350 ಕಿ.ಮೀ.ಗೆ ಇಳಿಸಿ ಕೆಲಸ ತೆಗೆದರು. ಮಾರ್ಚ್ 21ಕ್ಕೆ ಅದು ಭೂಮಿಗೆ ವಾಪಸ್.

ಮಳೆ ಲೆಕ್ಕ

ಇದು ನನಗೆ ಗೊತ್ತೇ ಇರಲಿಲ್ಲ. ಟಿವಿಯಲ್ಲಿ ಮೋಡದ ಚಿತ್ರ ಬರುತ್ತದಲ್ಲ, ಇನ್ಸಾಟ್‌ದು. ಅದೂ ಹೀಗೇ ಬೀಳಿಸುತ್ತಾರಾ?

ಗಾಜನೂರಿನವಳು

ಇಲ್ಲ. ಅವು 36,000 ಕಿ.ಮೀ. ಎತ್ತರದವು. ಕೆಳಗೆ ತರಲು ಇಂಧನ ಸಾಲುವುದಿಲ್ಲ. ಬದಲಿಗೆ ಇನ್ನೂ ಮುನ್ನೂರು ಕಿ.ಮೀ. ಆಸುಪಾಸು ಮೇಲಕ್ಕೆ ತಳ್ಳಿ, ದಾರಿಯಿಂದ ಸರಿಸಿ ಬಿಡುತ್ತಾರೆ. ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ ಹಾಗೆ ಕಳಿಸಿದರು. ಈ ಎತ್ತರದ ಉಪಗ್ರಹಗಳ ನಿಯಂತ್ರಣ ಕೇಂದ್ರ ಹಾಸನದಲ್ಲೇ ಇದೆ.

ಜೋಗದ ಸಿಡಿಲು

ಎಲ್ಲರೂ ಇಸ್ರೋ ಹೊಗಳುತ್ತಿದ್ದೀರಿ. 2019ರ ಮಾರ್ಚ್ 27ರಂದು ನಾವೇ ನಮ್ಮ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆದೆವಲ್ಲ? ಅದು ಕಸ ಅಲ್ವಾ? ಅದರ ಬಗ್ಗೆ ಯಾಕೆ ಯಾರೂ ಬಾಯಿ ಬಿಡುವುದಿಲ್ಲ?

ಭದ್ರಾವತಿ ಬಾಯ್ಲರ್

ದೇಶದ ರಕ್ಷಣೆಯ ವಿಷಯ ಅದು. ಅಮೆರಿಕ, ರಷ್ಯಾ, ಚೀನಾ ಮಾಡಿದಾಗ ಇಲ್ಲದ ಕಾಳಜಿ ನಮ್ಮದಕ್ಕೆ ಮಾತ್ರ ಬರುತ್ತದೆ.

ಜೋಗದ ಸಿಡಿಲು

ಕಸಕ್ಕೆ ಪಾಸ್‌ಪೋರ್ಟ್ ಇಲ್ಲ ಸಾರ್.

ನಿರ್ವಾಹಕ

ಪಕ್ಷ ರಾಜಕೀಯ ಬೇಡ. ಅಂಥ ಎರಡು ಪೋಸ್ಟ್ ತೆಗೆದಿದ್ದೇನೆ. ವಿಷಯದ ಮೇಲೆ ಮಾತಾಡಿ.

ದುರ್ಬೀನು ಮೇಷ್ಟ್ರು

ಇಬ್ಬರೂ ಕೇಳಿ. ಇಲ್ಲೂ ಎತ್ತರ ನೋಡಿದರೆ ಅರ್ಧ ಜಗಳ ಮುಗಿಯುತ್ತದೆ.

ಚೀನಾ 2007ರ ಜನವರಿ 11ರಂದು ತನ್ನ ಹಳೆಯ ಹವಾಮಾನ ಉಪಗ್ರಹ ಫೆಂಗ್ಯುನ್-1ಸಿಯನ್ನು ಹೊಡೆದದ್ದು ಸುಮಾರು 865 ಕಿ.ಮೀ. ಎತ್ತರದಲ್ಲಿ. ಎಣಿಕೆಗೆ ಸಿಕ್ಕ ಚೂರು 3,000ಕ್ಕೂ ಹೆಚ್ಚು. ಅರ್ಧಕ್ಕಿಂತ ಜಾಸ್ತಿ ಇನ್ನೂ ಮೇಲೇ ಇವೆ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಇರುತ್ತವೆ. ರಷ್ಯಾ 2021ರ ನವೆಂಬರ್ 15ರಂದು ಕಾಸ್ಮೋಸ್-1408 ಹೊಡೆದಾಗ 1,500ರಷ್ಟು ಚೂರು ಬಂದವು. ನಿಲ್ದಾಣದಲ್ಲಿದ್ದವರು, ರಷ್ಯಾದವರೂ ಸೇರಿ, ವಾಪಸ್ ಬರುವ ನೌಕೆಗಳೊಳಗೆ ಹೋಗಿ ಬಾಗಿಲು ಹಾಕಿಕೊಂಡು ಕೂರಬೇಕಾಯಿತು. ಅಮೆರಿಕ, ಸೋವಿಯತ್ ಇಬ್ಬರೂ ಅದಕ್ಕೂ ಹಿಂದೆಯೇ ಇದೇ ಕೆಲಸ ಮಾಡಿದವರು.

ನಮ್ಮದು 300 ಕಿ.ಮೀ.ಗಿಂತ ಕೆಳಗೆ. ಬೇಕಂತಲೇ ಕೆಳಗೆ ಆರಿಸಿದ್ದು. ಹೆಚ್ಚಿನ ಚೂರುಗಳು ಕೆಲವೇ ತಿಂಗಳಲ್ಲಿ ಉರಿದವು. ಆದರೆ ಗುದ್ದಿದ ರಭಸಕ್ಕೆ ಕೆಲವು ಮೇಲಕ್ಕೆ ಚಿಮ್ಮಿದವು. 24 ಚೂರು ನಿಲ್ದಾಣದ ಕಕ್ಷೆಗಿಂತ ಮೇಲೆ ಹೋದವು ಅಂತ ಆಗಿನ ನಾಸಾ ಮುಖ್ಯಸ್ಥರು ಬಹಿರಂಗವಾಗಿ ಸಿಟ್ಟು ಮಾಡಿಕೊಂಡರು. ವಾರಗಳಲ್ಲಿ ಮುಗಿಯುತ್ತದೆ ಅಂತ ನಮ್ಮವರು ಹೇಳಿದ್ದರು. ಕೊನೆಯ ಚೂರು ಬರಲು 2022 ಆಯಿತು. ಹಾಗಾಗಿ ಚೀನಾದ್ದಕ್ಕೂ ನಮ್ಮದಕ್ಕೂ ಹೋಲಿಕೆ ಇಲ್ಲ ಅನ್ನುವುದೂ ನಿಜ, ನಮ್ಮದು ಚೊಕ್ಕವಾಗಿತ್ತು ಅನ್ನುವುದು ಸುಳ್ಳು ಅನ್ನುವುದೂ ನಿಜ.

ಕಟ್ಟೆ ಮೇಲಿನವ

ಹೊಡೆಯುವುದನ್ನು ಬಿಟ್ಟರೆ ತಾವಾಗಿಯೇ ಗುದ್ದಿಕೊಳ್ಳುವುದು ಇದೆಯಾ? ಅಷ್ಟು ದೊಡ್ಡ ಆಕಾಶದಲ್ಲಿ?

ಗಾಜನೂರಿನವಳು

2009ರ ಫೆಬ್ರುವರಿ 10. ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರ. ಒಂದು ಇರಿಡಿಯಂ-33, ಫೋನ್ ಉಪಗ್ರಹ, ಕೆಲಸದಲ್ಲಿತ್ತು. ಇನ್ನೊಂದು ರಷ್ಯಾದ ಕಾಸ್ಮೋಸ್-2251, ಎಷ್ಟೋ ವರ್ಷದ ಹಿಂದೆ ಸತ್ತದ್ದು. ಸೆಕೆಂಡಿಗೆ 11 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ ಗುದ್ದಿ ಎರಡೂ ಪುಡಿ. ಎಣಿಕೆಗೆ ಸಿಕ್ಕಿದ್ದೇ 2,000ದ ಮೇಲೆ.

ನನಗೆ ಹೆದರಿಕೆ ಹುಟ್ಟಿಸುವುದು ಬೇರೆ. ಆ ದಿನದ ಮುನ್ನೆಣಿಕೆಯಲ್ಲಿ ಇವೆರಡರ ನಡುವೆ 584 ಮೀಟರ್ ಅಂತರ ಇರುತ್ತದೆ ಅಂತ ಇತ್ತು. ಆ ದಿನದ ಪಟ್ಟಿಯಲ್ಲಿ ಇದಕ್ಕಿಂತ ಹತ್ತಿರ ಹಾದು ಹೋಗುವ ಜೋಡಿಗಳೂ ಇದ್ದವು. ಅಂದರೆ ಸ್ಥಾನ ತಿಳಿಯುವುದರಲ್ಲೇ ಅಷ್ಟು ವ್ಯತ್ಯಾಸ. ಪ್ರತಿ ಎಚ್ಚರಿಕೆಗೂ ಸರಿದರೆ ಇಂಧನ ಖಾಲಿ. ಸರಿಯದಿದ್ದರೆ ಹೀಗೆ.

ಚಂದ್ರಯಾನ-3ರ ಉಡಾವಣೆಯನ್ನು ಇದೇ ಕಾರಣಕ್ಕೆ 4 ಸೆಕೆಂಡ್ ತಡ ಮಾಡಿದ್ದರು. ಅದೇ ತಿಂಗಳ ಇನ್ನೊಂದು ಪಿಎಸ್ಎಲ್‌ವಿಯನ್ನು ಒಂದು ನಿಮಿಷ. ದಾರಿಯಲ್ಲಿ ಏನೋ ಅಡ್ಡ ಬರುತ್ತಿತ್ತು. ಈ ಲೆಕ್ಕ ನೋಡಲೆಂದೇ ಬೆಂಗಳೂರಿನಲ್ಲಿ 2022ರಿಂದ ಇಸ್ರೋದ ಪ್ರತ್ಯೇಕ ಕೇಂದ್ರ ಇದೆ.

ದುರ್ಬೀನು ಮೇಷ್ಟ್ರು

ಇದನ್ನು 1978ರಲ್ಲೇ ಹೇಳಿದವರಿದ್ದಾರೆ. ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಲೇ. ಒಂದು ಮಿತಿ ದಾಟಿದರೆ ಹೊಸ ಉಡಾವಣೆ ನಿಲ್ಲಿಸಿದರೂ ಚೂರು ಚೂರಿಗೆ ಗುದ್ದಿ ಇನ್ನಷ್ಟು ಚೂರು ಹುಟ್ಟುತ್ತವೆ ಅಂತ. ಸಿನಿಮಾದಲ್ಲಿ ತೋರಿಸುವ ಹಾಗೆ ಒಂದೂವರೆ ಗಂಟೆಯಲ್ಲಿ ಅಲ್ಲ. ಹತ್ತಾರು, ನೂರಾರು ವರ್ಷದ ಕೆಲಸ ಅದು. ನಿಧಾನ ಅನ್ನುವುದಕ್ಕೇ ಯಾರಿಗೂ ಅವಸರ ಇಲ್ಲ.

ನಮ್ಮ ಕಡೆಯ ಸೊಪ್ಪಿನ ಬೆಟ್ಟ ನೆನಪು ಮಾಡಿಕೊಳ್ಳಿ. ತೋಟಕ್ಕೆ ಸೊಪ್ಪು ತರಲು ಅಂತ ತೋಟದ ಲೆಕ್ಕಕ್ಕೆ ಬೆಟ್ಟ ಕೊಟ್ಟರು. ಸೊಪ್ಪು ಕಡಿಯುವ ಹಕ್ಕು ಎಲ್ಲರಿಗೂ ನೆನಪಿದೆ. ಮರ ಉಳಿಸಬೇಕು ಅನ್ನುವ ಷರತ್ತು ಎಷ್ಟು ಜನಕ್ಕೆ ನೆನಪಿದೆ? ಬೋಳಾದ ಬೆಟ್ಟಗಳನ್ನು ಹೊಸನಗರ, ಸಾಗರ, ತೀರ್ಥಹಳ್ಳಿ ಎಲ್ಲ ಕಡೆ ತೋರಿಸಬಲ್ಲೆ.

ಅಡಿಕೆ ಗೊನೆ

ಮೇಷ್ಟ್ರೇ, ಬೆಟ್ಟದ ಮಾತು ಎತ್ತಿದಿರಿ, ಒಳ್ಳೇದೇ ಆಯ್ತು. ಬೆಟ್ಟ ಬೋಳು ಮಾಡಿದವರು ಯಾರು ಅಂತಲೂ ಹೇಳಿ. ಮೇಲಿನ ಕಸದಲ್ಲಿ ಬಹುಪಾಲು ಅಮೆರಿಕ, ರಷ್ಯಾ, ಚೀನಾದ್ದು, ಅಲ್ವಾ? ಅರವತ್ತು ವರ್ಷ ಮನಸ್ಸು ಬಂದ ಹಾಗೆ ಹಾರಿಸಿದರು. ಈಗ ನಮ್ಮ ಹಳ್ಳಿಗೆ ಇಂಟರ್ನೆಟ್ ಬರುವ ಹೊತ್ತಿಗೆ ಆಕಾಶ ತುಂಬಿತು ಅಂತ ಪಾಠ. ದೇಶ ದೊಡ್ಡದಾಗಿ ಮಾತಾಡಲಿ, ನನಗೆ ಬೇಕಾಗಿರೋದು ಮಗಳು ಮನೆಯಲ್ಲೇ ಕೂತು ಪರೀಕ್ಷೆಗೆ ಅರ್ಜಿ ಹಾಕುವಷ್ಟು ಸಿಗ್ನಲ್.

ಕೋರ್ಟ್ ರೋಡು

ಅವರ ಮಾತಿನಲ್ಲಿ ನ್ಯಾಯ ಇದೆ. ನಿಯಮಗಳೂ ಹಾಗೇ ಬಂದಿವೆ. ಕೆಲಸ ಮುಗಿದ ಮೇಲೆ 25 ವರ್ಷದೊಳಗೆ ಇಳಿಸಿ ಅನ್ನುವುದು ಬಹಳ ಕಾಲ ಬರೀ ಸಲಹೆ. ಅಮೆರಿಕದ ಸಂವಹನ ಆಯೋಗ 2022ರಲ್ಲಿ ಅದನ್ನು 5 ವರ್ಷಕ್ಕೆ ಇಳಿಸಿ, ತನ್ನ ಲೈಸೆನ್ಸ್ ಪಡೆಯುವವರಿಗೆ ಕಡ್ಡಾಯ ಮಾಡಿತು. ನಮ್ಮ ಇಸ್ರೋ 2030ರೊಳಗೆ ಭಾರತದ ಎಲ್ಲ ಉಡಾವಣೆಗಳೂ, ಖಾಸಗಿಯವೂ ಸೇರಿ, ಕಸ ಬಿಡದಂತೆ ಮಾಡುತ್ತೇವೆ ಅಂತ 2024ರಲ್ಲಿ ಗುರಿ ಹೇಳಿದೆ. ಹಳೆಯದನ್ನು ಎತ್ತುವ ಬಗ್ಗೆ ಮಾತ್ರ ಯಾರ ಮೇಲೂ ಕಡ್ಡಾಯ ಇಲ್ಲ.

ಭದ್ರಾವತಿ ಬಾಯ್ಲರ್

ಎತ್ತಬಹುದಲ್ಲ? ನಮ್ಮಲ್ಲಿ ಗುಜರಿಯವರು ಮೊಳೆ ಬಿಡುವುದಿಲ್ಲ. ಮೇಲೆ ಎಷ್ಟು ಟನ್ ಒಳ್ಳೇ ಲೋಹ ಇದೆ.

ಗಾಜನೂರಿನವಳು

ಪ್ರಯತ್ನ ನಡೆದಿದೆ. 2018ರಲ್ಲಿ ಬ್ರಿಟನ್ನಿನ ಮುಂದಾಳತ್ವದ ಒಂದು ಉಪಗ್ರಹ ತಾನೇ ಬಿಟ್ಟ ಡಬ್ಬಿಯನ್ನು ಬಲೆ ಬೀಸಿ ಹಿಡಿಯಿತು. 2024ರಲ್ಲಿ ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ನೌಕೆ 2009ರ ಹಳೇ ರಾಕೆಟ್ ಹಂತದ ಹತ್ತಿರ, ಸುಮಾರು 15 ಮೀಟರ್‌ವರೆಗೆ ಹೋಗಿ ಸುತ್ತ ನೋಡಿ ಬಂತು. ಹಿಡಿಯಲಿಲ್ಲ. ತಿರುಗುತ್ತಿರುವ, ಹಿಡಿ ಇಲ್ಲದ, ಟನ್‌ಗಟ್ಟಲೆ ವಸ್ತುವನ್ನು ಹಿಡಿಯುವುದು ಕಷ್ಟ. ನಮ್ಮವರೂ 2024ರ ಡಿಸೆಂಬರ್ 30ರಂದು ಹೋದ ಪೋಯಮ್-4ರಲ್ಲಿ ಕಸ ಹಿಡಿಯುವ ರೋಬಾಟ್ ಕೈಯ ಪ್ರಯೋಗ ಇಟ್ಟಿದ್ದರು. ಅಲಸಂದೆ ಬೀಜ ಮೊಳಕೆ ಬಂತು ಅಂತ ಸುದ್ದಿಯಾಯಿತಲ್ಲ, ಅದೇ ವೇದಿಕೆ. ಮೊಳಕೆ ಎಲ್ಲರಿಗೂ ನೆನಪಿದೆ, ಕೈ ಯಾರಿಗೂ ನೆನಪಿಲ್ಲ!

ಅತಿ ಅಪಾಯದವು 800 ಕಿ.ಮೀ. ಸುತ್ತಮುತ್ತ ಇರುವ ದೊಡ್ಡ ಹೆಣಗಳು. ಯುರೋಪಿನ ಎನ್ವಿಸ್ಯಾಟ್ ಉಪಗ್ರಹ ಎಂಟು ಟನ್, 2012ರ ಏಪ್ರಿಲ್‌ನಿಂದ ಮಾತಿಲ್ಲ. ಸೋವಿಯತ್ ಕಾಲದ ದೊಡ್ಡ ರಾಕೆಟ್ ಹಂತಗಳು ಅಲ್ಲೇ ಇವೆ. ಅಂಥ ಎರಡು ಗುದ್ದಿದರೆ 2009ರದ್ದು ಸಣ್ಣದು ಅನ್ನಿಸುತ್ತದೆ.

ಕೋರ್ಟ್ ರೋಡು

ಬಾಯ್ಲರ್ ಅವರೇ, ಗುಜರಿಯವರಿಗೂ ಅಲ್ಲಿ ಪ್ರವೇಶ ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಸತ್ತರೂ, ಚೂರಾದರೂ ಅದು ಹಾರಿಸಿದವರ ಸ್ವತ್ತು. ರಷ್ಯಾದ ಹಳೇ ಹಂತವನ್ನು ಜಪಾನ್ ಮುಟ್ಟಬೇಕಾದರೆ ರಷ್ಯಾ ಒಪ್ಪಬೇಕು. ಸಮುದ್ರದಲ್ಲಿ ಮುಳುಗಿದ ಹಡಗಿಗೆ ಇರುವ ಕಾನೂನು ಇಲ್ಲಿ ಇಲ್ಲ. ಹಿಡಿಯುವ ಕೈ ಇದ್ದವರು ಬೇರೆಯವರ ಕೆಲಸದಲ್ಲಿರುವ ಉಪಗ್ರಹವನ್ನೂ ಹಿಡಿಯಬಹುದಲ್ಲ ಅನ್ನುವ ಅನುಮಾನ ಬೇರೆ.

ಮಳೆ ಲೆಕ್ಕ

ಉರಿದು ಹೋಗುತ್ತದೆ ಅನ್ನುತ್ತೀರಿ. ಉರಿದದ್ದು ಎಲ್ಲಿ ಹೋಗುತ್ತದೆ? ಗಾಳಿಯಲ್ಲೇ ತಾನೆ?

ಗಾಜನೂರಿನವಳು

ಸರಿಯಾದ ಪ್ರಶ್ನೆ. ಅಮೆರಿಕದ ವಿಜ್ಞಾನಿಗಳು ವಿಮಾನದಲ್ಲಿ ವಾಯುಮಂಡಲದ ಮೇಲಿನ ಪದರಕ್ಕೆ ಹೋಗಿ ಅಲ್ಲಿನ ಕಣಗಳನ್ನು ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದರು. ಅಲ್ಲಿನ ಗಂಧಕಾಮ್ಲದ ದೊಡ್ಡ ಕಣಗಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ಅಲ್ಯೂಮಿನಿಯಂ ಮತ್ತು ಇತರ ಲೋಹ ಸಿಕ್ಕಿತು, ಉಪಗ್ರಹ ಮತ್ತು ರಾಕೆಟ್ ಉರಿದದ್ದರಿಂದ. ಓಜೋನ್ ಪದರಕ್ಕೆ ಇದರಿಂದ ಏನಾಗುತ್ತದೆ ಅಂತ ಅಧ್ಯಯನ ನಡೆಯುತ್ತಿದೆ.

ಅಡಿಕೆ ಗೊನೆ

ನೇರ ಹೇಳಿ ಅಕ್ಕಾ. ನಾಳೆ ಸ್ಟಾರ್‌ಲಿಂಕ್ ಬಂದು ನಾನು ಒಂದು ಡಿಶ್ ಹಾಕಿಸಿದರೆ ನಾನೂ ಕಸ ಹಾಕಿದ ಹಾಗಾ?

ಗಾಜನೂರಿನವಳು

ಹಾಕಿಸಿ. ನಾನಾದರೂ ಹಾಕಿಸುತ್ತಿದ್ದೆ. ನಮ್ಮ ಅಜ್ಜಿ ಮನೆಯಲ್ಲಿ ಆಂಬುಲೆನ್ಸ್‌ಗೆ ಫೋನ್ ಮಾಡಲು ರಸ್ತೆವರೆಗೆ ನಡೆಯಬೇಕು.

ಆದರೆ ಎಲ್ಲ ಕಂಪನಿಯೂ ಒಂದೇ ಅಲ್ಲ. ಸ್ಟಾರ್‌ಲಿಂಕ್ ಸಾವಿರಾರು ಹಾರಿಸಿದೆ. ದಾರಿ ದಟ್ಟಣೆ ಅದರಿಂದಲೇ ಜಾಸ್ತಿಯಾಗಿದ್ದು. 2024ರ ಡಿಸೆಂಬರ್‌ನಿಂದ 2025ರ ಮೇವರೆಗೆ ಗುದ್ದುವುದನ್ನು ತಪ್ಪಿಸಲು ಅವು ಒಂದು ಲಕ್ಷಕ್ಕೂ ಹೆಚ್ಚು ಸಲ ಸರಿದಿವೆ. ಯಂತ್ರಗಳೇ ನಿರ್ಧಾರ ಮಾಡಿ ಸರಿಯುವುದು. ಆದರೆ ಅವು ಇರುವುದು 550 ಕಿ.ಮೀ. ಆಸುಪಾಸಿನಲ್ಲಿ. ಕೆಟ್ಟರೂ ಕೆಲವು ವರ್ಷದಲ್ಲಿ ಗಾಳಿಯೇ ಎಳೆದು ತರುತ್ತದೆ. ಒನ್‌ವೆಬ್ ಅನ್ನುವ ಇನ್ನೊಂದು ಇಂಟರ್ನೆಟ್ ಕಂಪನಿಯವು ಇರುವುದು 1,200 ಕಿ.ಮೀ. ಎತ್ತರದಲ್ಲಿ. ಸಂಖ್ಯೆ ಬಹಳ ಕಡಿಮೆ, ಕೆಲವು ನೂರು. ಅವುಗಳಲ್ಲಿ 72 ಅನ್ನು 2022 ಮತ್ತು 2023ರಲ್ಲಿ ಹಾರಿಸಿದ್ದು ನಮ್ಮ ಇಸ್ರೋವೇ. ಅಲ್ಲಿ ಒಂದು ಕೆಟ್ಟು ನಿಂತರೆ ಗಾಳಿ ಬಂದು ಕಾಪಾಡುವುದಿಲ್ಲ. ಇಳಿಸುವ ಎಂಜಿನ್ ಕೊನೆವರೆಗೂ ಕೆಲಸ ಮಾಡಬೇಕು, ಇಲ್ಲಾ ಬೇರೆ ಯಾರಾದರೂ ಹೋಗಿ ಎಳೆದು ತರಬೇಕು. ಎಳೆದು ತರಲಿಕ್ಕೆ ಅನುಕೂಲ ಆಗಲಿ ಅಂತ ಹೆಚ್ಚಿನವಕ್ಕೆ ಹಿಡಿಯುವ ಕೊಂಡಿ ಇಟ್ಟಿದ್ದಾರೆ.

ಹಾಗಾಗಿ ಕೇಳಬೇಕಾದ ಪ್ರಶ್ನೆ ಎರಡು. ಎಷ್ಟು ಎತ್ತರ? ಕೆಟ್ಟರೆ ಹೇಗೆ ಇಳಿಸುತ್ತೀರಿ?

ಕಟ್ಟೆ ಮೇಲಿನವ

ಊರಿನ ಗುಂಪಿಗೆ ಇದನ್ನೆಲ್ಲ ಹಾಕಿದ್ದೇನೆ. ಒಬ್ಬರು ಕೇಳಿದರು: ಅಕಸ್ಮಾತ್ ತೋಟದಲ್ಲಿ ಚೂರು ಸಿಕ್ಕಿದರೆ ಏನು ಮಾಡಬೇಕು?

ಭದ್ರಾವತಿ ಬಾಯ್ಲರ್

ಮುಟ್ಟಬೇಡಿ. ಇಂಧನದ ಟ್ಯಾಂಕ್ ಆದರೆ ಒಳಗೆ ಹೈಡ್ರಾಜಿನ್ ಅಂಟಿಕೊಂಡಿರಬಹುದು. ಉಸಿರಿಗೂ ಚರ್ಮಕ್ಕೂ ವಿಷ ಅದು. ದನ, ಮಕ್ಕಳು ಹತ್ತಿರ ಹೋಗದಂತೆ ನೋಡಿ, 112ಕ್ಕೆ ಫೋನ್ ಮಾಡಿ. ಗುಜರಿ ಅಂಗಡಿಗೆ ಹಾಕಲು ಹೋಗಬೇಡಿ. ಮೇಲೆ ವಕೀಲರು ಹೇಳಿದ್ದು ಓದಿದಿರಲ್ಲ, ಅದಕ್ಕೆ ಮಾಲೀಕರಿದ್ದಾರೆ.

ಅಡಿಕೆ ಗೊನೆ

112ಕ್ಕೆ ಫೋನ್ ಮಾಡಲು ಸಿಗ್ನಲ್ ಬೇಕಲ್ಲ ಮಾರಾಯ್ರೆ!

ಇರಲಿ. ಕಂಪನಿಯ ಏಜೆಂಟ್ ಬಂದಾಗ ಅಕ್ಕ ಹೇಳಿದ ಎರಡು ಪ್ರಶ್ನೆ ಕೇಳುತ್ತೇನೆ. ಅವನು ತಿಂಗಳಿಗೆ ಎಷ್ಟು ಜಿಬಿ ಅನ್ನುವುದನ್ನು ಬಿಟ್ಟು ಬೇರೆ ಹೇಳುತ್ತಾನೆ ಅನ್ನುವ ನಂಬಿಕೆ ನನಗಿಲ್ಲ. ಏನು ಹೇಳಿದ ಅಂತ ಇಲ್ಲೇ ಹಾಕುತ್ತೇನೆ.